ಬಿಗಿ, ಬಿರಸು, ಖಡಕ್, ಮೊಂಡ: ಬಗ್ಗದ್ದಕ್ಕೆ ಯಾವಾಗ ಯಾವ ಪದ?

ಈಗೀಗ ನಮ್ಮ ಕಡೆ ಎಲ್ಲದಕ್ಕೂ ಎರಡೇ ಪದ. ಕುತ್ತಿಗೆ ಹಿಡಿದರೆ ‘ಸ್ಟಿಫ್ ಆಗಿದೆ’. ಮಾವ ಮಾತು ಕೇಳದಿದ್ದರೆ ‘ಅವರು ಭಾಳ ರಿಜಿಡ್’. ಹುಬ್ಬಳ್ಳಿಯ ಆಫೀಸುಗಳಲ್ಲೂ ಇದೇ, ಹಾವೇರಿಯ ಮದುವೆ ಮನೆಗಳಲ್ಲೂ ಇದೇ. ಮಾತಿನಲ್ಲಿ ನಡೆಯುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ತೊಂದರೆ ಶುರುವಾಗುವುದು ಬರೆಯಲು ಕೂತಾಗ. ಗಟ್ಟಿ, ಗಡಸು, ಬಿಗಿ, ಪೆಡಸು, ಬಿರಸು, ಕಠಿಣ, ಹಟಮಾರಿ, ಹೀಗೆ ಪದಗಳೇನೋ ಸಾಲುಸಾಲಾಗಿ ನೆನಪಾಗುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯ ಏನೋ ಒಂಥರಾ ಆಗುತ್ತದೆ, ಅಲ್ವಾ?

ನನ್ನ ದಾರಿ ಸರಳ. ಪದ ಹುಡುಕುವ ಮೊದಲು ಅದರ ಉಲ್ಟಾ ಹುಡುಕಿ. ಆ ವಸ್ತು, ಆ ಮೈ, ಆ ಮನುಷ್ಯ ಏನಾದರೆ ನಿಮಗೆ ಸಮಾಧಾನ? ಸಡಿಲವಾದರೆ ಸಾಕು ಅನ್ನುವುದಾದರೆ ‘ಬಿಗಿ’ ಬರೆಯಿರಿ. ಮೆತ್ತಗಾಗಬೇಕಿತ್ತು ಅನ್ನುವುದಾದರೆ ಗಟ್ಟಿ, ಬಿರಸು, ಗಡಸು ಇವುಗಳಲ್ಲಿ ಒಂದು. ಬಾಗಬೇಕಿತ್ತು ಅಂದರೆ ಪೆಡಸು ಅಥವಾ ಸೆಟೆ. ಒಪ್ಪಬೇಕಿತ್ತು ಅಂದರೆ ಹಟ, ಮೊಂಡುತನ, ಜಿದ್ದು. ಅರ್ಧ ಗೊಂದಲ ಇಷ್ಟಕ್ಕೇ ಕಳೆಯುತ್ತದೆ. ಇನ್ನರ್ಧ ಸ್ವಲ್ಪ ಬಿಡಿಸಿ ನೋಡಬೇಕಾದದ್ದು.

ಬಿರಸು ರೊಟ್ಟಿ, ಖಡಕ್ ರೊಟ್ಟಿ

ಎರಡೂ ಬಗ್ಗುವುದಿಲ್ಲ. ಆದರೂ ಎರಡೂ ಒಂದೇ ಅಂತ ನಮ್ಮ ಕಡೆ ಯಾರೂ ಹೇಳುವುದಿಲ್ಲ.

ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನೇ ತಾನಾಗಿ ಹಿಗ್ಗುವ ಗುಣ ಇಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ನಾದುವುದು, ಆಗ ಹಿಟ್ಟಿನೊಳಗಿನ ಪಿಷ್ಟ ಅಂಟಾಗಿ ಹಿಡಿದುಕೊಳ್ಳುತ್ತದೆ. ತಟ್ಟಿ, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿಸಿ ತೆಗೆದ ರೊಟ್ಟಿ ಬಿಸಿ ಇರುವಷ್ಟು ಹೊತ್ತು ಮೆತ್ತಗೆ ಇರುತ್ತದೆ. ಆರಿದ ಹಾಗೆ ಆ ಪಿಷ್ಟ ಮತ್ತೆ ಗಟ್ಟಿಯಾಗುತ್ತದೆ. ಬುಟ್ಟಿಯಲ್ಲಿ ಉಳಿದ ರೊಟ್ಟಿಯನ್ನು ಮರುದಿನ ಮುರಿಯಲು ಹೋಗಿ: ಹರಿಯುವುದಿಲ್ಲ, ಮುರಿಯುವುದೂ ಇಲ್ಲ, ಅಗಿದರೆ ದವಡೆ ಸೋಲುತ್ತದೆ. ಇದು ಬಿರಸು.

ಖಡಕ್ ರೊಟ್ಟಿ ಬೇರೆ. ಅದನ್ನು ಬೇಕಂತಲೇ ತೆಳ್ಳಗೆ ತಟ್ಟಿ, ಬೇಯಿಸಿದ ಮೇಲೆ ಒಳಗಿನ ಪಸೆ ಪೂರ್ತಿ ಹೋಗುವ ತನಕ ಒಣಗಿಸಿರುತ್ತಾರೆ. ಕೈಯಲ್ಲಿ ಒತ್ತಿದರೆ ಟಪ್ ಅಂತ ಮುರಿಯುತ್ತದೆ. ವಾರಗಟ್ಟಲೆ ಕೆಡುವುದಿಲ್ಲ. ಕಟಕ ರೊಟ್ಟಿ ಅನ್ನುವವರೂ ಇದ್ದಾರೆ. ಊಟಕ್ಕೆ ಕೂತ ಅಳಿಯ ‘ರೊಟ್ಟಿ ಭಾಳ ಖಡಕ್ ಆಗ್ಯಾವ್ರೀ ಅತ್ತಿ’ ಅಂದರೆ ಅತ್ತೆ ಇನ್ನೆರಡು ಬಡಿಸುತ್ತಾರೆ. ಅದೇ ಅಳಿಯ ‘ರೊಟ್ಟಿ ಬಿರಸ ಆಗ್ಯಾವ್ರೀ’ ಅಂದರೆ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು ಜಾಸ್ತಿ ಆಗುತ್ತದೆ.

ಬಿರಸು ಅನ್ನುವುದು ದೂರು. ಖಡಕ್ ಅನ್ನುವುದು ಮೆಚ್ಚುಗೆ, ಕಡೇ ಪಕ್ಷ ಮರ್ಯಾದೆ. ಖಡಕ್ ಚಹಾ, ಖಡಕ್ ಇಸ್ತ್ರಿ, ಖಡಕ್ ಮಾತು, ಖಡಕ್ ಅಧಿಕಾರಿ, ಎಲ್ಲ ಕಡೆ ಅದೇ ದನಿ. ಪದ ಹಿಂದಿ-ಮರಾಠಿಯ ಕಡೆಯಿಂದ ಬಂದದ್ದು. ಧಾರವಾಡ ಸೀಮೆ 1956 ರವರೆಗೆ ಮುಂಬೈ ಆಡಳಿತದಲ್ಲೇ ಇತ್ತಲ್ಲ, ಇಂಥ ಪದಗಳು ನಮ್ಮಲ್ಲಿ ಜಾಸ್ತಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಈಗ ಬೆಂಗಳೂರಿನ ಪತ್ರಿಕೆಗಳೂ ‘ಖಡಕ್ ಎಚ್ಚರಿಕೆ’ ಅಂತ ತಲೆಬರಹ ಕೊಡುತ್ತವೆ. ಹಾಗಾಗಿ ಧೈರ್ಯವಾಗಿ ಬಳಸಿ. ಒಂದು ಮಾತು ಮಾತ್ರ ಗಮನದಲ್ಲಿರಲಿ: ಖಡಕ್ ಅನ್ನುವಾಗ ಆ ಬಿಗಿತನ ಬೇಕು ಅಂತ ನೀವು ಒಪ್ಪಿದ ಹಾಗೆ. ಅದೇ ಖಡಕ್ ಸಾಹೇಬರು ನಮ್ಮ ಫೈಲು ತಡೆದ ದಿನ ಮೊಂಡ ಆಗುತ್ತಾರೆ, ಆ ಮಾತು ಬೇರೆ.

ಬಿರಸಿನ ಜೊತೆ ಇನ್ನೊಂದು ತೊಡಕು ಇದೆ. ತೆಂಕಣ ಕರ್ನಾಟಕದವರಿಗೆ ‘ಬಿರುಸು’ ಅಂದರೆ ಜೋರು, ರಭಸ. ಬಿರುಸಿನ ಮಳೆ, ಬಿರುಸಿನ ಮತದಾನ, ಬಿರುಸಿನ ಪ್ರಚಾರ. ಪತ್ರಿಕೆಯ ಕನ್ನಡವೂ ಇದನ್ನೇ ಹಿಡಿದಿದೆ. ನಮ್ಮಲ್ಲಿ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಬೇಸಿಗೆಗೆ ಒಣಗಿ, ಕುಗ್ಗಿ, ಬಿರುಕು ಬಿಟ್ಟು ರಂಟೆ (ನೇಗಿಲು) ಇಳಿಯದ ಹಾಗೆ ಆದಾಗ ‘ಭೂಮಿ ಬಿರಸಾಗೇತಿ’ ಅನ್ನುತ್ತೇವೆ. ಇದನ್ನೇ ‘ಭೂಮಿ ಬಿರುಸಾಗಿದೆ’ ಅಂತ ಬರೆದರೆ ಮೈಸೂರಿನ ಓದುಗರು ಭೂಮಿ ಓಡುತ್ತಿದೆಯೋ ಏನೋ ಅಂದುಕೊಂಡಾರು. ನನ್ನ ಸಲಹೆ: ಮಾತಿನ ತುಣುಕಿನಲ್ಲಿ, ಕತೆಯಲ್ಲಿ ‘ಬಿರಸು’ ಅಂತಲೇ ಬರೆಯಿರಿ, ರು ಬೇಡ, ಆಗ ಅದು ಬೇರೆ ಪದ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಎಲ್ಲ ಕಡೆಯವರು ಓದುವ ಮಾಹಿತಿ ಬರಹದಲ್ಲಿ ‘ಗಟ್ಟಿ’ ಸಾಕು.

‘ಗಟ್ಟಿ’ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಎಲ್ಲಿ ಹಾಕಿದರೂ ಕೂರುತ್ತದೆ, ಅದೇ ಅದರ ತಾಪತ್ರಯ. ಗಟ್ಟಿ ಮೊಸರು, ಗಟ್ಟಿ ದನಿ, ಗಟ್ಟಿ ಮನಸ್ಸು, ಗಟ್ಟಿ ಕುಳ. ಬಗ್ಗುತ್ತದೋ ಇಲ್ಲವೋ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಬೇರೆ ಯಾವುದೂ ಹೊಳೆಯದಿದ್ದಾಗ ಇಟ್ಟುಕೊಳ್ಳಿ.

ಗಡಸು ಮತ್ತು ಪೆಡಸು

ಪ್ರಾಸ ಒಂದೇ ಅಂತ ಇವೆರಡನ್ನೂ ಅದಲುಬದಲು ಮಾಡುವವರು ತುಂಬಾ ಜನ.

ಗಡಸು ಅಂದರೆ ಆ ವಸ್ತುವಿನ ಗುಣವೇ ಹಾಗೆ. ಗಡಸು ನೀರು ನೋಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೇರಿಕೊಂಡು ಸಾಬೂನು ನೊರೆ ಬರದ ಹಾಗೆ ಮಾಡಿರುತ್ತವೆ. ನೀರು ಮುಟ್ಟಿದರೆ ಎಲ್ಲ ನೀರಿನ ಹಾಗೇ ಇರುತ್ತದೆ, ಆದರೂ ಗಡಸು. ಲೋಹ, ಕಲ್ಲುಗಳಿಗೂ ಇದೇ ಪದ. ಗದಗಿನ ಹತ್ತಿರದ ಲಕ್ಕುಂಡಿಯ ಗುಡಿಗಳಲ್ಲಿ ಅಷ್ಟು ನಾಜೂಕು ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ನೆಲದಿಂದ ಆಗ ತಾನೇ ತೆಗೆದಾಗ ಅದು ಉಳಿಗೆ ಸುಲಭವಾಗಿ ಸಿಗುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಡಸಾಗುತ್ತದೆ. ಇಲ್ಲಿ ‘ಪೆಡಸಾಗುತ್ತದೆ’ ಅಂದರೆ ಕಲ್ಲು ಕೆಟ್ಟಿತು ಅನ್ನುವ ಅರ್ಥ ಬರುತ್ತದೆ. ಕಲ್ಲು ಕೆಟ್ಟಿಲ್ಲ, ಸಾವಿರ ವರ್ಷಕ್ಕೆ ತಯಾರಾಗಿದೆ.

ದನಿಗೂ ಗಡಸು ಸಲ್ಲುತ್ತದೆ, ಅದರಲ್ಲಿ ಕೊರತೆಯ ಅರ್ಥ ಏನೂ ಇಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತ ಆ ಹಾಡುಗಾರಿಕೆಗೆ ಆ ಗಡಸು ದನಿಯೇ ಕಳೆ. ‘ಒರಟು ದನಿ’ ಅಂತ ಬರೆದರೆ ತಪ್ಪು, ‘ಬಿರುಸು ದನಿ’ ಅಂದರೆ ಇನ್ನೂ ತಪ್ಪು.

ಪೆಡಸು ಮೊದಲು ಬಾಗುತ್ತಿದ್ದದ್ದು ಈಗ ಬಾಗದೆ ಹೋದಾಗಿನ ಪದ. ಚರ್ಮ ಪೆಡಸಾಗುತ್ತದೆ. ರಕ್ತನಾಳ ಪೆಡಸಾಗುತ್ತದೆ, ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ಎಲ್ಲ ಸೇರಿ. ಹಳೇ ರಬ್ಬರ್ ಪೈಪು ಪೆಡಸಾಗಿ ಸೀಳುತ್ತದೆ. ಬರಹವೂ ಪೆಡಸಾಗುತ್ತದೆ: ಸರ್ಕಾರಿ ಸುತ್ತೋಲೆಯ ಕನ್ನಡ ಓದಿದ್ದೀರಲ್ಲ. ಕಳೆದುಹೋದ ಮೆದುತನದ ನೆನಪು ಈ ಪದದಲ್ಲಿ ಇದ್ದೇ ಇರುತ್ತದೆ, ಅದಕ್ಕೇ ಹುಟ್ಟಾ ಗಟ್ಟಿ ಇರುವ ವಸ್ತುವಿಗೆ ಇದು ಒಗ್ಗುವುದಿಲ್ಲ. ಇನ್ನು, ಹಳಗನ್ನಡದ ಪಾಲು ಹಾಲಾಯಿತು, ಪೂವು ಹೂವಾಯಿತು, ನಾವು ಬರೆಯುವ ಪೆಡಸು ಮಾತ್ರ ಇವತ್ತಿಗೂ ತನ್ನ ಪ ಬಿಟ್ಟುಕೊಟ್ಟಿಲ್ಲ. ಹೆಸರಿಗೆ ತಕ್ಕ ಹಾಗೇ ಇದೆ.

ಮೈ ಹಿಡಿದಾಗ

ಇಲ್ಲಿ ಪದ ತಪ್ಪಿದರೆ ಬರೀ ವಾಕ್ಯ ಕೆಡುವುದಿಲ್ಲ, ಔಷಧವೂ ದಾರಿ ತಪ್ಪಬಹುದು. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡಿ.

ಕೀಲು ಆಡದಿದ್ದರೆ ನಮ್ಮ ಕಡೆಯ ಪದ ‘ಹಿಡಿದಿದೆ’. ಟೊಂಕ ಹಿಡಿದಿದೆ, ಮೊಣಕಾಲು ಹಿಡಿದಿವೆ, ಭುಜ ಹಿಡಿದಿದೆ. ಇದಕ್ಕಿಂತ ಒಳ್ಳೆಯ ಪದ ಬೇಕಾಗಿಲ್ಲ, ಇದನ್ನು ಬಿಟ್ಟು ಶಿಷ್ಟ ಪದ ಹುಡುಕಲೂ ಬೇಡಿ. ಯಾರೋ ‘ಫ್ರೋಜನ್ ಶೋಲ್ಡರ್’ ಅನ್ನುವ ಇಂಗ್ಲಿಷ್ ಹೆಸರನ್ನು ಹಾಗೇ ಇಳಿಸಿ ‘ಹೆಪ್ಪುಗಟ್ಟಿದ ಭುಜ’ ಅಂತ ಬರೆದದ್ದು ಓದಿದ್ದೇನೆ. ಹೆಪ್ಪುಗಟ್ಟುವುದು ಮೊಸರು, ರಕ್ತ. ಭುಜದ ಕೀಲಿನ ಸುತ್ತಲಿನ ಪದರ ದಪ್ಪಗಾಗಿ ಬಿಗಿದುಕೊಂಡು ಕೈ ಮೇಲೆತ್ತಲು ಬಾರದಂತೆ ಆಗುವ ತೊಂದರೆ ಅದು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ‘ಭುಜ ಹಿಡಿದಿದೆ, ಜುಟ್ಟು ಕಟ್ಟಿಕೊಳ್ಳಲು ಕೈ ಹಿಂದೆ ಹೋಗುವುದಿಲ್ಲ’ ಅಂದರೆ ಡಾಕ್ಟರಿಗೆ ಅರ್ಧ ಉತ್ತರ ಸಿಕ್ಕಿತು.

ಜೊತೆಗೆ ಎಷ್ಟು ಹೊತ್ತು ಹಿಡಿದಿರುತ್ತದೆ ಅನ್ನುವುದನ್ನೂ ಹೇಳಬೇಕು. ಧಾರವಾಡದ ಕಡೆಯ ಯಾವ ದವಾಖಾನೆಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ:

‘ಮುಂಜಾನೆ ಎದ್ದ ಮ್ಯಾಲೆ ಎಷ್ಟೊತ್ತು ಹಿಡ್ಕೊಂಡಿರ್ತಾವ ಯವ್ವಾ?’

‘ಚಾ ಕುಡದು ನಾಕ್ ಹೆಜ್ಜಿ ಹಾಕೂದ್ರಾಗ ಸಡ್ಲ ಆಕ್ಕಾವ್ರೀ ಸಾಹೇಬ್ರ.’

ಆ ‘ಸಡ್ಲ’ ಸುಮ್ನೆ ಬಂದ ಪದ ಅಲ್ಲ. ಕೀಲು ಸವೆದು ಬರುವ ನೋವಿನಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಉರಿಯೂತದ ಸಂಧಿವಾತದಲ್ಲಿ ಒಂದು ಗಂಟೆ, ಅದಕ್ಕೂ ಹೆಚ್ಚು ಹೊತ್ತು ಹಿಡಿದಿರುವುದುಂಟು, ಅದೂ ಬೆರಳುಗಳ ಸಣ್ಣ ಕೀಲುಗಳಲ್ಲಿ. ಸಮಯ ಹೇಳಿದರೆ ಡಾಕ್ಟರ್ ಯಾವ ಪರೀಕ್ಷೆ ಬರೆಯಬೇಕು ಅಂತ ಯೋಚಿಸಬಲ್ಲರು.

ಮಾಂಸಖಂಡಕ್ಕೆ ‘ಬಿಗಿ’. ಹೊತ್ತುಗಟ್ಟಲೆ ಮೊಬೈಲ್ ನೋಡಿ ಕುತ್ತಿಗೆ ಬಿಗಿದುಕೊಳ್ಳುತ್ತದೆ. ಬಿಗಿದದ್ದು ಶಾಖ ಕೊಟ್ಟರೆ, ನಿಧಾನಕ್ಕೆ ಆಡಿಸಿದರೆ ಸಡಿಲವಾಗುತ್ತದೆ, ಉಲ್ಟಾ ಪದದ ಲೆಕ್ಕ ಇಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಜ್ವರ, ಜೋರು ತಲೆನೋವಿನ ಜೊತೆ ಕುತ್ತಿಗೆ ಹಿಡಿದು, ಗದ್ದ ಎದೆಗೆ ಮುಟ್ಟಿಸಲು ಆಗುತ್ತಿಲ್ಲ ಅಂದರೆ ಪದ ಹುಡುಕುತ್ತಾ ಕೂರಬೇಡಿ. ಅದು ಮಿದುಳಿನ ಪೊರೆಯ ಸೋಂಕು ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

‘ಸೆಟೆ’ ಇಡೀ ಮೈಗೆ. ಧನುರ್ವಾಯುವಿನಲ್ಲಿ ದವಡೆ ಕಚ್ಚಿಕೊಂಡು ಬೆನ್ನು ಬಿಲ್ಲಿನ ಹಾಗೆ ಸೆಟೆಯುತ್ತದೆ, ಕಾಯಿಲೆಯ ಹೆಸರಲ್ಲೇ ಧನುಸ್ಸು ಇದೆ. ಸತ್ತ ಮೇಲೆ ಕೆಲ ಗಂಟೆಗಳಲ್ಲಿ ದೇಹ ಸೆಟೆಯುತ್ತದೆ. ಬದುಕಿರುವವರು ಸೆಟೆದುಕೊಂಡು ನಿಂತರೆ ಅದು ಸೊಕ್ಕು ಅಥವಾ ಸಿಟ್ಟು. ಹಾಗಾಗಿ ‘ಬೆಳಿಗ್ಗೆ ಎದ್ದಾಗ ಬೆರಳು ಸೆಟೆದಿದ್ದವು’ ಅನ್ನುವ ವಾಕ್ಯ ನನಗೆ ಹಿಡಿಸುವುದಿಲ್ಲ, ಅಷ್ಟಕ್ಕೆ ಅದು ಜಾಸ್ತಿ ಆಯಿತು.

ಅತಿ ಹೆಚ್ಚು ತಪ್ಪಾಗುವುದು ‘ಮರಗಟ್ಟು’ವಿನಲ್ಲಿ. ಮರ ಇದೆಯಲ್ಲ, ಬಾಗುವುದಿಲ್ಲ ಅಂತ ಅರ್ಥ ಇರಬೇಕು ಅಂದುಕೊಳ್ಳುತ್ತಾರೆ. ಮರಗಟ್ಟುವುದು ಅಂದರೆ ಸ್ಪರ್ಶ ಹೋಗುವುದು. ಕಾಲು ಬೇಕಾದ ಹಾಗೆ ಬಾಗುತ್ತದೆ, ಚಿವುಟಿದರೆ ಮಾತ್ರ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಬಂದು ಹೋಗುವುದಾದರೆ ಅದಕ್ಕೆ ಜೋಮು ಅನ್ನುತ್ತೇವೆ. ‘ಕಾಲು ಹಿಡಿದಿದೆ’ ಅಂದರೆ ಡಾಕ್ಟರ್ ಕೀಲು, ಮಾಂಸಖಂಡ ನೋಡುತ್ತಾರೆ. ‘ಕಾಲು ಮರಗಟ್ಟಿದೆ’ ಅಂದರೆ ನರ ನೋಡುತ್ತಾರೆ, ಸಕ್ಕರೆ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಮನೆಯ ಹಿರಿಯರ ಪರವಾಗಿ ನೀವು ಮಾತಾಡುತ್ತಿದ್ದರೆ ಅವರು ಹೇಳಿದ ಪದವನ್ನೇ ಹೇಳಿ, ನಡುವೆ ‘ಸ್ಟಿಫ್’ ಅಂತ ತಿರುವಬೇಡಿ.

ಮನುಷ್ಯ ಬಗ್ಗದಿದ್ದಾಗ

ಇಲ್ಲಿ ಪದಗಳಿಗೆ ಬರ ಇಲ್ಲ. ಹಟ, ಛಲ, ಜಿದ್ದು, ಮೊಂಡುತನ, ಪಟ್ಟು, ಬಿಗುಮಾನ, ಹುಂಬತನ. ಕೆಲಸ ಎಲ್ಲರದೂ ಒಂದೇ, ಬಗ್ಗದಿರುವುದು. ಯಾಕೆ ಬಗ್ಗುತ್ತಿಲ್ಲ ಅನ್ನುವುದು ಬೇರೆ ಬೇರೆ.

ಹಟದವನಿಗೆ ಏನೋ ಬೇಕಾಗಿರುತ್ತದೆ. ಸಿಕ್ಕರೆ ಹಟ ಮುಗಿಯಿತು. ಮಕ್ಕಳಿಗೆ ಇದು ಸಲೀಸು, ಬೈಗುಳವೂ ಅಲ್ಲ, ಕೆಲವೊಮ್ಮೆ ಮುದ್ದು ಕೂಡ. ಜಿದ್ದಿಗೆ ಎದುರಾಳಿ ಬೇಕು. ಒಬ್ಬನೇ ಕೂತು ಜಿದ್ದು ಮಾಡಲು ಬರುವುದಿಲ್ಲ. ಅಣ್ಣ ತಮ್ಮ ಬದುವಿನ ಒಂದು ಮೊಳ ಜಾಗಕ್ಕೆ ಕೋರ್ಟು ಹತ್ತಿದರೆ ಅದು ಜಿದ್ದು, ಏಕೆಂದರೆ ಆ ಮೊಳ ಜಾಗ ಇಬ್ಬರಿಗೂ ಬೇಕಾಗಿರುವುದಿಲ್ಲ, ಇನ್ನೊಬ್ಬನಿಗೆ ಸಿಗಬಾರದು ಅಷ್ಟೇ. ಪಟ್ಟು ಕುಸ್ತಿಯ ಕಣದಲ್ಲೂ ಕೇಳುವ ಪದ. ಪಟ್ಟು ಹಿಡಿಯುತ್ತಾರೆ, ಪಟ್ಟು ಸಡಿಲಿಸುತ್ತಾರೆ. ಯಾರ ಪರವೂ ವಹಿಸದ ಪದ ಇದು, ಸುದ್ದಿ ಬರೆಯುವವರು ಕಣ್ಣು ಮುಚ್ಚಿ ಬಳಸಬಹುದು. ‘ನೌಕರರು ಪಟ್ಟು ಹಿಡಿದರು’ ಅಂದರೆ ವರದಿ, ‘ನೌಕರರು ಮೊಂಡುತನ ಮಾಡಿದರು’ ಅಂದರೆ ನೀವು ಆಡಳಿತ ಮಂಡಳಿಯ ಪಕ್ಕ ಕೂತ ಹಾಗೆ.

ಮೊಂಡ ಅಂದರೆ ಹರಿತ ಇಲ್ಲದ್ದು. ಮೊಂಡ ಕುಡಗೋಲು ಕೊಯ್ಯುವುದಿಲ್ಲ. ಮೊಂಡ ಮನುಷ್ಯನಿಗೆ ಎಷ್ಟು ಹೇಳಿದರೂ ಒಳಗೆ ಇಳಿಯುವುದಿಲ್ಲ. ಅವನಿಗೆ ಏನೂ ಬೇಕಾಗಿರುವುದೇ ಇಲ್ಲ, ತಾನು ಹೇಳಿದ್ದು ತಪ್ಪು ಅಂತ ಒಪ್ಪಬಾರದು, ಅಷ್ಟೇ. ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಅನ್ನುವ ಗಾದೆ ಇವನಿಗೇ ಮಾಡಿದ್ದು. ಇದನ್ನು ಹಟ ಮಾಡುವ ಮಗುವಿಗೆ ಹೇಳಿದರೆ ಹೊಂದುವುದಿಲ್ಲ, ಮಗು ಮೊಲದ ಕಾಲು ಎಣಿಸುತ್ತಿಲ್ಲ, ಅದಕ್ಕೆ ಮೊಲವೇ ಬೇಕು. ಹುಂಬ ಇನ್ನೊಂದು ಜಾತಿ. ಮುಂದೇನಾದೀತು ಅನ್ನುವ ಲೆಕ್ಕವೇ ಇಲ್ಲದೆ ನುಗ್ಗುವವನು. ಅವನಲ್ಲಿ ಮೊಂಡತನಕ್ಕಿಂತ ಧೈರ್ಯ ಜಾಸ್ತಿ, ಬುದ್ಧಿ ಕಮ್ಮಿ.

ಛಲದ್ದು ಬೇರೆಯೇ ಕತೆ. ಆ ಪದ ಸಾಮಾನ್ಯವಾಗಿ ಕೆಲಸ ಆದ ಮೇಲೆ ಬರುತ್ತದೆ. ಭೀಮಸೇನ ಜೋಶಿ ಹುಟ್ಟಿದ್ದು 1922 ರಲ್ಲಿ, ಈಗಿನ ಗದಗ ಜಿಲ್ಲೆಯ ರೋಣದಲ್ಲಿ. ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟಾಗ ಇನ್ನೂ ಸಣ್ಣ ಹುಡುಗ. ಆ ವಯಸ್ಸಿನ ಹುಡುಗ ಹಾಗೆ ಹೊರಟರೆ ಯಾವ ಮನೆಯಲ್ಲೂ ‘ಎಂಥಾ ಛಲ’ ಅಂತ ಹೊಗಳುವುದಿಲ್ಲ, ಹಟಮಾರಿ ಅನ್ನುತ್ತಾರೆ. 2008 ರಲ್ಲಿ ಭಾರತ ರತ್ನ ಘೋಷಣೆಯಾದ ಮೇಲೆ ಅದೇ ಹೊರಟದ್ದಕ್ಕೆ ಛಲ ಅನ್ನುವುದು ಸುಲಭ. ಅದಕ್ಕೇ ಬದುಕಿರುವ, ಇನ್ನೂ ಏನೂ ಗೆಲ್ಲದ ಹುಡುಗನೊಬ್ಬನ ಬಗ್ಗೆ ಬರೆಯುವಾಗ ‘ಛಲ’ ಬಳಸಿದರೆ ನೀವು ಅವನ ಮೇಲೆ ನಂಬಿಕೆ ಇಟ್ಟಿದ್ದೀರಿ ಅಂತ ಓದುಗ ತಿಳಿಯುತ್ತಾನೆ. ನಂಬಿಕೆ ಇದ್ದರೆ ಬಳಸಿ.

ಮುಖದ ಮೇಲೆ ಹೇಳುವಾಗ ಇನ್ನೂ ಸೂಕ್ಷ್ಮ. ಹಿರಿಯರಿಗೆ ‘ನೀವು ಮೊಂಡ’ ಅನ್ನಲು ಬರುತ್ತದೆಯೇ? ‘ಕಾಕಾ, ಇಷ್ಟ್ಯಾಕ ಬಿಗಿ ಹಿಡೀತೀರಿ, ಸ್ವಲ್ಪ ಸಡ್ಲ ಬಿಡ್ರಿ’ ಅನ್ನಬಹುದು. ಸಡ್ಲ ಬಿಡುವ ಅಧಿಕಾರ ಅವರ ಕೈಯಲ್ಲೇ ಇದೆ ಅಂತ ಒಪ್ಪಿದ ಹಾಗಾಯಿತು, ಅವರ ಮರ್ಯಾದೆಯೂ ಉಳಿಯಿತು. ಇನ್ನು ಹೆಣ್ಣು ನೋಡುವ ಮಾತುಕತೆಯಲ್ಲಿ ಮಧ್ಯಸ್ಥರು ‘ಮನಿ ಹಿರ್ಯಾರು ಭಾಳ ಶಿಸ್ತಿನವರು’ ಅಂದರೆ ಒಮ್ಮೆ ಬಿಡಿಸಿ ಕೇಳಿ. ಆ ಶಿಸ್ತು ಊಟದ ಹೊತ್ತಿನದೋ, ಸೊಸೆ ನೌಕರಿಗೆ ಹೋಗಬಾರದು ಅನ್ನುವುದೋ.

ನಿಯಮಕ್ಕೆ, ವಿಚಾರಕ್ಕೆ

ನಿಯಮಕ್ಕೆ ‘ಕಟ್ಟುನಿಟ್ಟು’ ಮತ್ತು ‘ಬಿಗಿ’ ಎರಡೂ ಬರುತ್ತವೆ, ಆದರೆ ಒಂದೇ ಅಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಎಲ್ಲರಿಗೂ ಗೊತ್ತು. ಧ್ವಜದ ಉದ್ದ ಅಗಲ 3:2 ಇರಬೇಕು, ಚಕ್ರಕ್ಕೆ 24 ಕಡ್ಡಿ ಇರಬೇಕು. ಇದು ಕಟ್ಟುನಿಟ್ಟು, ಇದರಲ್ಲಿ ಹೆಚ್ಚು ಕಮ್ಮಿ ಇಲ್ಲವೇ ಇಲ್ಲ. ಯಾವ ಬಟ್ಟೆ ಬಳಸಬೇಕು ಅನ್ನುವುದು ಬಿಗಿ ನಿಯಮವಾಗಿತ್ತು. 2021 ರ ಡಿಸೆಂಬರ್ ಕೊನೆಗೆ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಯಂತ್ರದ ಬಟ್ಟೆಗೂ ಅವಕಾಶ ಕೊಟ್ಟರು. ನಿಯಮ ಸಡಿಲವಾಯಿತು. ಖಾದಿಯವರಿಗೆ ಅದು ಸಿಹಿ ಸುದ್ದಿ ಏನೂ ಆಗಿರಲಿಲ್ಲ. ಬಿಗಿ ನಿಯಮ ಸಡಿಲಿಸಬಹುದು, ಕಟ್ಟುನಿಟ್ಟಿನದನ್ನು ಪಾಲಿಸುವುದು ಇಲ್ಲವೇ ಮುರಿಯುವುದು. ‘ಕಠಿಣ’ ಇವೆರಡಕ್ಕೂ ಬದಲಿ ಆಗುವುದಿಲ್ಲ. ಅದು ಶಿಕ್ಷೆಗೆ, ಪರೀಕ್ಷೆಗೆ. ‘ಅವರು ಕಠಿಣ ಮನುಷ್ಯ’ ಅಂದರೆ ಕಿವಿಗೆ ಅರೆಬೆಂದ ಅನುವಾದ ಅನಿಸುತ್ತದೆ.

ವಿಚಾರ ಬಗ್ಗದಿದ್ದರೆ ‘ಮಡಿವಂತಿಕೆ’ ಒಳ್ಳೆಯ ಪದ, ಅದರಲ್ಲೂ ಭಾಷೆ, ಸಂಗೀತ, ಅಡುಗೆಯ ವಿಷಯದಲ್ಲಿ. ತನ್ನದು ಮೈಲಿಗೆ ಆದೀತು ಅನ್ನುವ ಭಯದ ಬಿಗಿತನ ಅದು. ಆಚರಣೆಯ ವಿಷಯದಲ್ಲಾದರೆ ‘ಕರ್ಮಠ’. ಕಚೇರಿ, ಸಂಸ್ಥೆ, ವ್ಯವಸ್ಥೆಗಳು ಅಲುಗಾಡದೆ ಕೂತಿದ್ದರೆ ‘ಜಡ್ಡುಗಟ್ಟಿದ’. ಇದರಲ್ಲಿ ಮಾತ್ರ ಪದವನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಕೈಗೆ ಜಡ್ಡು ಬಂದಿದೆ ಅಂದರೆ ಬೆಂಗಳೂರಿನವರಿಗೆ ಕೆಲಸ ಮಾಡಿ ಚರ್ಮ ದಪ್ಪಗಾಗಿದೆ ಅಂತ. ನಮ್ಮಲ್ಲಿ ‘ಅಜ್ಜಗ ಜಡ್ಡು ಬಂದೈತಿ’ ಅಂದರೆ ಅಜ್ಜನಿಗೆ ಹುಷಾರಿಲ್ಲ. ಆಡಳಿತಕ್ಕೆ ‘ಜಡ್ಡು’ ಅಂತಷ್ಟೇ ಬರೆದರೆ ಗದಗಿನ ಓದುಗರು ಯಾವ ದವಾಖಾನೆಗೆ ಸೇರಿಸಿದ್ದಾರೆ ಅಂತ ಕೇಳುತ್ತಾರೆ.